ನೋವು ಹುಟ್ಟುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ: ಮೈಮೇಲಿನ ಗುರುತುಗಳನ್ನು ಓದುವ ಬಗೆ

ನರ್ಸ್ ಆಗಿ ಕೆಲಸಕ್ಕೆ ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು. ಆ ದಿನ ನನ್ನದು ರಾತ್ರಿ ಪಾಳಿ. ಕಾಲಿನ ಮೂಳೆ ಮುರಿದು ಮಲಗಿದ್ದ 58 ವರ್ಷದವರೊಬ್ಬರು ಕರೆದು, "ಸಿಸ್ಟರ್, ಎಡಗೈ ಸೆಳೆಯುತ್ತಿದೆ, ಸ್ವಲ್ಪ ಮುಲಾಮು ಹಚ್ಚುತ್ತೀರಾ?" ಎಂದರು. ಎಲ್ಲಿ ಎಂದು ಕೇಳಿದೆ. ಕಂಕುಳಿನಿಂದ ಮೊಣಕೈಯ ಒಳಮಗ್ಗುಲಿಗಾಗಿ ಕಿರುಬೆರಳಿನ ತುದಿಯವರೆಗೆ ಒಂದು ಗೆರೆ ಎಳೆದು ತೋರಿಸಿದರು. ಒಂದೇ ಮಗ್ಗುಲಿಗೆ ಮಲಗಿ ಹೀಗಾಗಿದೆ ಎಂದು ನಾನೇ ತೀರ್ಮಾನಿಸಿ, ಮುಲಾಮು ಹಚ್ಚಿ ಮುಂದಿನ ಹಾಸಿಗೆಗೆ ಹೋದೆ. ಅರ್ಧ ಗಂಟೆ ಕಳೆದು ತಿರುಗಿ ಬಂದಾಗ ಅವರ ಹಣೆಯ ಮೇಲೆ ತಣ್ಣನೆಯ ಬೆವರು ಸಾಲುಗಟ್ಟಿತ್ತು, ಮುಖ ಬಿಳಿಚಿಕೊಂಡಿತ್ತು. ಇಸಿಜಿ ತೆಗೆದಾಗ ಹೃದಯಾಘಾತ ಎಂದು ತಿಳಿಯಿತು. ಅವರು ಬದುಕಿದರು. ಆದರೆ ಆ ಅರ್ಧ ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಹೃದಯ ಕೂಗುತ್ತಿದ್ದಾಗ ನಾನು ಕೈಗೆ ಮುಲಾಮು ಹಚ್ಚಿದ್ದೆ.

ಅವರು ಎಳೆದ ಆ ಗೆರೆ ಎಲ್ಲಿಂದಲೋ ಬಂದದ್ದಲ್ಲ. ಎದೆಯ ಮೇಲ್ಭಾಗದ ಬೆನ್ನುಹುರಿಯ ನರಗಳು ತೋಳಿನಲ್ಲಿ ಹಾದುಹೋಗುವ ದಾರಿ ಅದು. ಅಂದಿನಿಂದ ನಾನು ಚರ್ಮವನ್ನು ಓದುವುದನ್ನು ಕಲಿತೆ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೂ ಕಲಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಕಾಯಿಲೆಗೆ ಹೆಸರಿಡುವ ವಿದ್ಯೆಯಲ್ಲ. ವೈದ್ಯರ ಮುಂದೆ "ಇಲ್ಲೆಲ್ಲೋ ನೋಯುತ್ತದೆ" ಎನ್ನುವ ಬದಲು, ಅವರು ಬಳಸಿಕೊಳ್ಳಬಹುದಾದ ಒಂದು ನಕ್ಷೆಯನ್ನು ಕೈಗೆ ಕೊಡುವ ವಿದ್ಯೆ.

ಬೇಕಾಗುವ ಸಾಮಾನು ಬಹಳ ಕಡಿಮೆ. ಮನುಷ್ಯನ ಮೈಯ ಮುಂಭಾಗ ಮತ್ತು ಹಿಂಭಾಗದ ರೇಖಾಚಿತ್ರವಿರುವ ಹಾಳೆ (ನೀವೇ ಬರೆದರೆ ಸಾಕು, ಅಂದವಾಗಿರಬೇಕಿಲ್ಲ), ಮೂರು ಬಣ್ಣದ ಪೆನ್ಸಿಲ್, ಸ್ವಲ್ಪ ಹತ್ತಿ, ಒಂದು ಗುಂಡುಸೂಜಿ, ಸೆಕೆಂಡಿನ ಮುಳ್ಳಿರುವ ಗಡಿಯಾರ, ಒಂದು ಪಾರದರ್ಶಕ ಗಾಜಿನ ಲೋಟ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಳ್ಳೆಯ ಹಗಲು ಬೆಳಕು. ಹಳದಿ ಬಲ್ಬಿನ ಕೆಳಗೆ ಚರ್ಮದ ಬಣ್ಣ ನೋಡಲು ಹೋಗಬೇಡಿ.

ಕೆಲಸ ಶುರುಮಾಡುವ ಮೊದಲು ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ನೋಡಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ: ಕುತ್ತಿಗೆಯಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗಿನ ತ್ರಿಕಾಸ್ಥಿಯಲ್ಲಿ 5, ಬೆನ್ನೆಲುಬಿನ ಕೊನೆಯ ಬಾಲಮೂಳೆಯಲ್ಲಿ 1. ಹೆಚ್ಚುಕಡಿಮೆ ಪ್ರತಿಯೊಂದು ಜೊತೆಯೂ ಚರ್ಮದ ಒಂದು ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಎದೆ ಹೊಟ್ಟೆಗಳ ಮೇಲೆ ಈ ಪಟ್ಟಿಗಳು ಬೆನ್ನಿನಿಂದ ಮುಂದಕ್ಕೆ ನಡುಪಟ್ಟಿಯಂತೆ ಸುತ್ತಿಕೊಂಡಿರುತ್ತವೆ. ಕೈಕಾಲುಗಳಲ್ಲಿ ಉದ್ದುದ್ದಕ್ಕೆ ಇಳಿಯುತ್ತವೆ.

ಅದೇ ನರದ ಬುಡಕ್ಕೆ ಒಳಗಿನ ಅಂಗಗಳ ಸುದ್ದಿಯೂ ಬಂದು ಸೇರುತ್ತದೆ. ಹೃದಯ, ಜಠರ, ಪಿತ್ತಕೋಶಗಳಿಗೆ ಚರ್ಮದಲ್ಲಿರುವಷ್ಟು ದಟ್ಟವಾದ ನರಗಳಿಲ್ಲ. ಜೊತೆಗೆ ಚರ್ಮದ ನರ ಮತ್ತು ಅಂಗದ ನರ ಬೆನ್ನುಹುರಿಯ ಒಂದೇ ಕೋಶಕ್ಕೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿಗೆ ಹುಟ್ಟಿದಾರಭ್ಯ ಅಭ್ಯಾಸವಾಗಿರುವುದು ಚರ್ಮದ ಸುದ್ದಿ. ಒಳಗಿನಿಂದ ಬಂದದ್ದನ್ನೂ ಅದು ಚರ್ಮದ್ದೆಂದೇ ತಿಳಿಯುತ್ತದೆ. ಅಷ್ಟೇ ಅಲ್ಲ, ಒಳಗಿನ ನೋವು ಜೋರಾಗಿದ್ದಾಗ ಬೆನ್ನುಹುರಿಯ ಆ ಮಟ್ಟವೇ ಕೆರಳಿ ಕೂತಿರುತ್ತದೆ. ಆಗ ಅದೇ ಮಟ್ಟದ ಚರ್ಮ ಮುಟ್ಟಿದರೆ ನೋಯುತ್ತದೆ, ಅಲ್ಲಿನ ಸ್ನಾಯು ಬಿಗಿಯುತ್ತದೆ. ಮೈಯ ಬೆವರು ಮತ್ತು ರಕ್ತನಾಳಗಳ ಹಿಡಿತವೂ ಬೆನ್ನುಹುರಿಯಿಂದಲೇ ಹೊರಡುವುದರಿಂದ ಚರ್ಮದ ಬಣ್ಣವೂ ಬಿಸಿಯೂ ಬದಲಾಗುತ್ತವೆ.

ಇದನ್ನು ಮೊದಲು ವಿಸ್ತಾರವಾಗಿ ಗುರುತಿಸಿ ಬರೆದವರಲ್ಲಿ ಇಂಗ್ಲೆಂಡಿನ ನರವೈದ್ಯ ಹೆನ್ರಿ ಹೆಡ್ ಪ್ರಮುಖರು. 1893ರಿಂದ 1896ರವರೆಗೆ ಅವರು ಪ್ರಕಟಿಸಿದ ಲೇಖನಗಳಿಂದಾಗಿ ಇಂಥ ನೋಯುವ ಚರ್ಮದ ಭಾಗಗಳಿಗೆ ಇಂದಿಗೂ ಹೆಡ್ ವಲಯಗಳು ಎಂಬ ಹೆಸರಿದೆ. ಸ್ಪರ್ಶದ ಬಗ್ಗೆ ಅವರಿಗಿದ್ದ ಆಸಕ್ತಿ ಎಂಥದ್ದೆಂದರೆ, 1903ರಲ್ಲಿ ತಮ್ಮ ಎಡಗೈಯ ಚರ್ಮದ ನರವನ್ನೇ ಶಸ್ತ್ರಚಿಕಿತ್ಸಕರಿಂದ ಕತ್ತರಿಸಿಕೊಂಡು ಮತ್ತೆ ಹೊಲಿಸಿಕೊಂಡರು. ಆಮೇಲೆ ಸ್ಪರ್ಶಜ್ಞಾನ ಹೇಗೆ ಮರಳುತ್ತದೆ ಎಂಬುದನ್ನು ಗೆಳೆಯ ರಿವರ್ಸ್ ಅವರೊಂದಿಗೆ ವರ್ಷಗಟ್ಟಲೆ ದಾಖಲಿಸಿದರು. ಅದೇ ಕಾಲದಲ್ಲಿ ಜೇಮ್ಸ್ ಮೆಕೆಂಜಿ ಎಂಬ ಸಾಮಾನ್ಯ ವೈದ್ಯರು ತಮ್ಮ ರೋಗಿಗಳ ಮೈಮುಟ್ಟಿ ನೋಡಿ ಇಂಥದ್ದೇ ನಕ್ಷೆಗಳನ್ನು ಬರೆದಿಡುತ್ತಿದ್ದರು. ಅಂಥ ನಕ್ಷೆ ಬರೆಯಲು ದೊಡ್ಡ ಸಾಮಾನೇನೂ ಬೇಕಿಲ್ಲ ಎಂದು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲ ಹೆಜ್ಜೆ ಕೇಳುವುದಲ್ಲ, ತೋರಿಸಲು ಹೇಳುವುದು. "ಎಲ್ಲಿ ನೋವು?" ಎಂದು ಕೇಳಿದರೆ ಜನ ಅಂಗದ ಹೆಸರು ಹೇಳುತ್ತಾರೆ. "ಹೊಟ್ಟೆ" ಅನ್ನುತ್ತಾರೆ, "ಕಿಡ್ನಿ" ಅನ್ನುತ್ತಾರೆ, ಅದು ಅವರ ಊಹೆ. "ಕೈಯಿಂದ ತೋರಿಸಿ" ಎಂದರೆ ಸತ್ಯ ಹೊರಬರುತ್ತದೆ. ಕೈಯನ್ನು ಹೇಗೆ ಹಿಡಿದರು ಎಂಬುದನ್ನೂ ಗಮನಿಸಿ. ಒಂದೇ ಬೆರಳಿನ ತುದಿಯಿಂದ ತೋರಿಸಿದರೆ ನೋವು ಹೆಚ್ಚಾಗಿ ಚರ್ಮ, ಸ್ನಾಯು, ಪಕ್ಕೆಲುಬುಗಳಂಥ ಹೊರಪದರದ್ದು. ಅಂಗೈ ಅಗಲಿಸಿ ಸವರಿದರೆ ಅಥವಾ ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟುಕೊಂಡರೆ ಒಳಗಿನದ್ದಾಗಿರುವ ಸಾಧ್ಯತೆ ಹೆಚ್ಚು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೂ ಬರೆದಿಡಿ.

ಅವರು ತೋರಿಸಿದ ಜಾಗವನ್ನು ಕೆಂಪು ಪೆನ್ಸಿಲ್‌ನಿಂದ ತುಂಬಿ. ಎಲ್ಲಿ ಶುರುವಾಯಿತು, ಎಲ್ಲಿಗೆ ಸರಿಯಿತು ಎಂದು ಬಾಣದ ಗುರುತು ಹಾಕಿ. ಪಕ್ಕದಲ್ಲಿ ಗಂಟೆ ಬರೆಯಿರಿ. ಅಪೆಂಡಿಕ್ಸ್ ಊತದಲ್ಲಿ ಈ ಬಾಣವೇ ಎಲ್ಲವನ್ನೂ ಹೇಳುತ್ತದೆ. ಶುರುವಿನಲ್ಲಿ ನೋವು ಹೊಕ್ಕುಳಿನ ಸುತ್ತ ಮಬ್ಬಾಗಿ ಇರುತ್ತದೆ. ಅಪೆಂಡಿಕ್ಸ್‌ನ ಸುದ್ದಿ ಹೋಗುವುದು ಎದೆಯ 10ನೆಯ ನರದ ಮಟ್ಟಕ್ಕೆ, ಆ ನರದ ಚರ್ಮಪಟ್ಟಿ ಹೊಕ್ಕುಳಿನ ಮೇಲೆ ಹಾದುಹೋಗುತ್ತದೆ. ಕೆಲವು ಗಂಟೆಗಳಾದ ಮೇಲೆ ಊತ ಹೊಟ್ಟೆಯ ಒಳಗೋಡೆಗೆ ತಗಲುತ್ತದೆ. ಆ ಗೋಡೆಗೆ ತನ್ನದೇ ಚುರುಕಾದ ನರಗಳಿವೆ, ಆಗ ನೋವು ಬಲ ಕೆಳಹೊಟ್ಟೆಯ ಒಂದು ಬಿಂದುವಿಗೆ ಸರಿದು ಚುಚ್ಚತೊಡಗುತ್ತದೆ. "ಬೆಳಿಗ್ಗೆ 6ಕ್ಕೆ ಹೊಕ್ಕುಳು, ಮಧ್ಯಾಹ್ನ 1ಕ್ಕೆ ಬಲಗಡೆ ಕೆಳಗೆ" ಎಂದು ಹಾಳೆಯಲ್ಲಿ ಕಂಡರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಎರಡನೆಯದು ಮುಟ್ಟಿ ನೋಡುವುದು. ಹತ್ತಿಯನ್ನು ಎಳೆಯಾಗಿ ಹಿಂಜಿ, ನೋವಿಲ್ಲದ ಕಡೆಯಿಂದ ನೋವಿರುವ ಕಡೆಗೆ ಮೆಲ್ಲಗೆ ಎಳೆಯಿರಿ. ರೋಗಿ ಕಣ್ಣು ಮುಚ್ಚಿರಲಿ. "ಎಲ್ಲಿ ಬೇರೆ ಅನ್ನಿಸಿತೋ ಅಲ್ಲಿ ಹೇಳಿ" ಎಂದಷ್ಟೇ ಹೇಳಿ, ನೋವಾಯಿತೇ ಎಂದು ಕೇಳಬೇಡಿ. ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ಇಟ್ಟಂತಾಗುತ್ತದೆ. ನಂತರ ಗುಂಡುಸೂಜಿಯ ಮೊನೆಯಿಂದಲ್ಲ, ದುಂಡು ತಲೆಯಿಂದ ಅದೇ ದಾರಿಯಲ್ಲಿ ಹಗುರವಾಗಿ ಒತ್ತುತ್ತಾ ಹೋಗಿ. ಅತಿಯಾಗಿ ನೋಯುವ ಜಾಗಕ್ಕೆ ನೀಲಿ ಗೆರೆ, ಮರಗಟ್ಟಿದ ಜಾಗಕ್ಕೆ ಹಸಿರು ಗೆರೆ. ಎಡ ಬಲ ಎರಡನ್ನೂ ಹೋಲಿಸದೆ ಯಾವುದನ್ನೂ ಬರೆಯಬೇಡಿ.

ಇಲ್ಲಿ ಕೆಲವು ಗಡಿಕಲ್ಲುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಪೂರ್ತಿ ನಕ್ಷೆ ಬಾಯಿಪಾಠ ಬೇಡ. ಹೆಬ್ಬೆರಳು ಕುತ್ತಿಗೆಯ 6ನೆಯ ನರಕ್ಕೆ, ನಡುಬೆರಳು 7ನೆಯದಕ್ಕೆ, ಕಿರುಬೆರಳು 8ನೆಯದಕ್ಕೆ ಸೇರಿದ್ದು. ಮೊಲೆತೊಟ್ಟಿನ ಮಟ್ಟ ಎದೆಯ 4ನೆಯದು, ಎದೆಮೂಳೆಯ ಕೆಳತುದಿ 6ನೆಯದು, ಹೊಕ್ಕುಳು 10ನೆಯದು, ತೊಡೆಸಂದು ಸೊಂಟದ 1ನೆಯದು. ಕಾಲಿನ ಹೆಬ್ಬೆರಳು ಸೊಂಟದ 5ನೆಯದು, ಪಾದದ ಹೊರ ಅಂಚು ಅದರ ಕೆಳಗಿನ ತ್ರಿಕಾಸ್ಥಿಯ 1ನೆಯದು. ಅಕ್ಕಪಕ್ಕದ ಪಟ್ಟಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ, ಒಬ್ಬರಿಂದ ಒಬ್ಬರಿಗೆ ತುಸು ಸರಿದೂ ಇರುತ್ತವೆ. ಎರಡು ಬೆರಳಿನಷ್ಟು ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಡಿ.

ಅಂಗಗಳ ಕಡೆಯಿಂದ ನೋಡುವುದಾದರೆ, ಹೃದಯದ ನೋವು ಎದೆಯ ನಡುವೆ, ಎಡತೋಳಿನ ಒಳಮಗ್ಗುಲಲ್ಲಿ, ಕೆಲವೊಮ್ಮೆ ದವಡೆಯಲ್ಲಿ, ಬಲತೋಳಿನಲ್ಲೂ ಬರುತ್ತದೆ. ಪಿತ್ತಕೋಶದ್ದು ಬಲ ಪಕ್ಕೆಯ ಕೆಳಗೆ ಮತ್ತು ಬೆನ್ನಿನ ಬಲ ರೆಕ್ಕೆಮೂಳೆಯ ಕೆಳತುದಿಯಲ್ಲಿ. ಮೇದೋಜೀರಕ ಗ್ರಂಥಿಯದ್ದು (ಪ್ಯಾಂಕ್ರಿಯಾಸ್) ಮೇಲ್ಹೊಟ್ಟೆಯಿಂದ ನೇರವಾಗಿ ಬೆನ್ನಿಗೆ ತೂರಿದಂತೆ ಇರುತ್ತದೆ, ಮುಂದಕ್ಕೆ ಬಾಗಿ ಕೂತರೆ ಕೊಂಚ ಕಡಿಮೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ, ಗಂಡಸರಲ್ಲಿ ವೃಷಣದವರೆಗೂ.

ಹೆಗಲಿನ ತುದಿಯ ನೋವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲಿ ಮೋಸಹೋಗುವವರು ಬಹಳ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ, ಗರ್ಭದಲ್ಲಿ ಮೊದಲು ರೂಪುಗೊಳ್ಳುವುದು ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಅದು ಕೆಳಗೆ ಇಳಿಯುತ್ತದೆ, ಇಳಿಯುವಾಗ ಕುತ್ತಿಗೆಯ 3, 4, 5ನೆಯ ನರಗಳನ್ನೂ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಹೆಗಲಿನ ಚರ್ಮಕ್ಕೂ ಇದೇ ಮಟ್ಟದ ನರಗಳು. ಹಾಗಾಗಿ ವಪೆಯನ್ನು ಕೆಳಗಿನಿಂದ ಏನೇ ಕೆರಳಿಸಿದರೂ ಹೆಗಲು ನೋಯಬಹುದು. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿ ನಡೆಸುವ ಶಸ್ತ್ರಚಿಕಿತ್ಸೆಯ ಮರುದಿನ ರೋಗಿಗಳು "ಹೊಟ್ಟೆ ಪರವಾಗಿಲ್ಲ, ಹೆಗಲೇ ಹಿಂಡುತ್ತಿದೆ, ಮಲಗಿಸುವಾಗ ತಿರುಚಿದಿರಾ?" ಎಂದು ಕೇಳುತ್ತಿದ್ದರು. ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ವಪೆಯನ್ನು ಕೆರಳಿಸಿದ ಫಲ ಅದು, ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಹೊಟ್ಟೆಗೆ ಅಥವಾ ಎಡಪಕ್ಕೆಗೆ ಪೆಟ್ಟು ಬಿದ್ದವರು ಎಡಹೆಗಲು ನೋಯುತ್ತದೆ ಎಂದರೆ, ಅದರಲ್ಲೂ ಕಾಲು ಮೇಲೆತ್ತಿ ಮಲಗಿದಾಗ ಹೆಚ್ಚುತ್ತದೆ ಎಂದರೆ, ಎಡಪಕ್ಕೆಯ ಒಳಗಿರುವ ಗುಲ್ಮ (ಸ್ಪ್ಲೀನ್) ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ಜರ್ಮನಿಯ ಶಸ್ತ್ರವೈದ್ಯ ಹಾನ್ಸ್ ಕೇರ್ ಅವರ ಹೆಸರಿನಿಂದ ಈ ಲಕ್ಷಣವನ್ನು ಕರೆಯುತ್ತಾರೆ. ಬಸುರಿನ ಮೊದಲ ತಿಂಗಳುಗಳಲ್ಲಿರುವ ಹೆಂಗಸಿಗೆ ಕೆಳಹೊಟ್ಟೆ ನೋವಿನ ಜೊತೆ ಹೆಗಲಿನ ತುದಿ ನೋವು ಬಂದರೂ ಹೀಗೆಯೇ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿ, ಆ ನಾಳ ಒಡೆದಿರಬಹುದು. ಇವೆರಡೂ ನಿಮಿಷಗಳ ಲೆಕ್ಕದ ಸಂಗತಿಗಳು.

ಹೆಗಲಿನ ನೋವು ಕೀಲಿನದೋ ಒಳಗಿನದೋ ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ತೋಳನ್ನು ಮೇಲೆತ್ತಿ, ತಿರುಗಿಸಿ ನೋಡಿ. ಕೀಲಿನದಾದರೆ ಚಲನೆಯೊಂದಿಗೆ ನೋವು ಬದಲಾಗುತ್ತದೆ. ತೋಳು ಸರಾಗವಾಗಿ ಆಡುತ್ತಿದ್ದು, ನೋವು ಮಾತ್ರ ಉಸಿರಿನೊಂದಿಗೆ ಏರಿಳಿದರೆ ಹೆಗಲನ್ನು ಬಿಟ್ಟು ವಪೆಯ ಕಡೆ ಯೋಚಿಸಬೇಕು. ಹೊಟ್ಟೆ ನೋವಿಗೂ ಇಂಥದ್ದೇ ಪರೀಕ್ಷೆ ಇದೆ, ಕಾರ್ನೆಟ್ ಎಂಬ ವೈದ್ಯರು 1926ರಲ್ಲಿ ಬರೆದದ್ದು. ರೋಗಿಯನ್ನು ಅಂಗಾತ ಮಲಗಿಸಿ, ನೋಯುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದು, ತಲೆ ಮತ್ತು ಹೆಗಲನ್ನು ಸ್ವಲ್ಪ ಮೇಲೆತ್ತಲು ಹೇಳಿ. ಹೊಟ್ಟೆಯ ಸ್ನಾಯು ಬಿಗಿಯಾದಾಗ ನೋವು ಹೆಚ್ಚಿದರೆ ತೊಂದರೆ ಹೆಚ್ಚಾಗಿ ಗೋಡೆಯಲ್ಲಿ, ಅಂದರೆ ಸ್ನಾಯು ಅಥವಾ ಚರ್ಮದ ನರದಲ್ಲಿ. ಕಡಿಮೆಯಾದರೆ ಒಳಗೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ ಮಾತ್ರ ಈ ಪರೀಕ್ಷೆಯ ಗೊಡವೆಗೆ ಹೋಗಬೇಡಿ, ಕರೆದೊಯ್ಯಿರಿ.

ಬೆನ್ನಿನ ನರವೇ ಕಾಯಿಲೆಬಿದ್ದು ಒಳಗಿನ ಅಂಗದ ವೇಷ ತೊಡುವುದೂ ಉಂಟು. ನನಗೇ ಆಯಿತು. ಎಡ ಸ್ತನದ ಕೆಳಗೆ ಬೆನ್ನಿನಿಂದ ಮುಂದಕ್ಕೆ ಉರಿಯುವ ನಡುಪಟ್ಟಿ ಬಿಗಿದಂತೆ ಮೂರು ದಿನ ನೋವು. ರವಿಕೆ ತಾಗಿದರೆ ಬೆಂಕಿ. ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ನಾಲ್ಕನೆಯ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಅದೇ ಪಟ್ಟಿಯ ಮೇಲೆ ನೀರುಗುಳ್ಳೆಗಳ ಗೊಂಚಲು: ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದ ಗಂಟಿನಲ್ಲಿ ದಶಕಗಳ ಕಾಲ ಅಡಗಿದ್ದು, ಆ ಒಂದು ನರದ ಗುಂಟ ಚರ್ಮಕ್ಕೆ ಇಳಿದು ಬಂದಿತ್ತು. ಮೈಯ ನಡುಗೆರೆಯನ್ನು ದಾಟದೆ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಉರಿ ಇದ್ದರೆ ದಿನಕ್ಕೆರಡು ಬಾರಿ ಚರ್ಮ ನೋಡುತ್ತಿರಿ. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ಮೂಗಿನ ತುದಿಯಲ್ಲೋ ಕಣ್ಣಿನ ಬಳಿಯೋ ಗುಳ್ಳೆ ಕಂಡರೆ ಅಂದೇ ಕಣ್ಣಿನ ವೈದ್ಯರನ್ನು ನೋಡಬೇಕು, ದೃಷ್ಟಿಗೇ ಅಪಾಯವಿದೆ.

ಮೂರನೆಯ ಕೆಲಸ ರಕ್ತನಾಳಗಳನ್ನು ನೋಡುವುದು. ಚರ್ಮದ ರಕ್ತನಾಳಗಳು ಬಹಳ ಹಿಗ್ಗಿ ಕುಗ್ಗಬಲ್ಲವು. ವಿಪರೀತ ಸೆಕೆಯಲ್ಲಿ ನಿಮಿಷಕ್ಕೆ 6ರಿಂದ 8 ಲೀಟರ್ ರಕ್ತ ಚರ್ಮಕ್ಕೆ ಹರಿಯಬಲ್ಲದು. ಒಳಗೆ ರಕ್ತ ಕಡಿಮೆಯಾದಾಗ ದೇಹ ಮೊದಲು ಕೈಬಿಡುವುದೂ ಚರ್ಮವನ್ನೇ. ಅದಕ್ಕೇ ಆಘಾತಕ್ಕೆ (ರಕ್ತದ ಹರಿವು ಕುಸಿಯುವ ಶಾಕ್‌ಗೆ) ಒಳಗಾದವರು ತಣ್ಣಗೆ, ಬಿಳಿಚಿಕೊಂಡು, ಬೆವರುತ್ತಾ ಮಲಗಿರುತ್ತಾರೆ. ಬೆರಳಿನ ಉಗುರನ್ನು 5 ಸೆಕೆಂಡು ಒತ್ತಿ ಬಿಡಿ. ಬೆಚ್ಚಗಿನ ಕೋಣೆಯಲ್ಲಿ ಬಣ್ಣ ಸುಮಾರು 2 ಸೆಕೆಂಡಿನಲ್ಲಿ ಮರಳಬೇಕು. 3 ಸೆಕೆಂಡು ದಾಟಿದರೆ, ಮಂಡಿಯ ಸುತ್ತ ನೇರಳೆ ಬಣ್ಣದ ಬಲೆ ಕಂಡರೆ, ರೋಗಿ ಮಂಕಾಗಿದ್ದರೆ ಅದು ತುರ್ತು. ಕೈ ಚಳಿಯಲ್ಲಿ ಮರಗಟ್ಟಿದ್ದರೆ ಮೊದಲು ಬೆಚ್ಚಗಾಗಲು ಬಿಟ್ಟು ಮತ್ತೆ ನೋಡಿ.

ಪುಸ್ತಕಗಳು "ಕೆಂಪಾಗುತ್ತದೆ" ಎಂದು ಸುಲಭವಾಗಿ ಬರೆದುಬಿಡುತ್ತವೆ. ಕಪ್ಪು ಅಥವಾ ಗಾಢ ಕಂದು ಚರ್ಮದಲ್ಲಿ ಆ ಕೆಂಪು ಹಲವು ಸಲ ಕಾಣುವುದೇ ಇಲ್ಲ, ಕಂಡರೂ ನೇರಳೆಯಾಗಿಯೋ ಇನ್ನಷ್ಟು ಕಪ್ಪಾಗಿಯೋ ಕಾಣುತ್ತದೆ. ಕಾಣಲಿಲ್ಲವೆಂದು ಕಾಯಿಲೆ ಇಲ್ಲ ಎಂದುಕೊಂಡು ಎಷ್ಟೋ ಜನರಿಗೆ ತಡವಾಗಿದೆ, ಇದು ನನ್ನನ್ನು ಇಂದಿಗೂ ಕಾಡುತ್ತದೆ. ಅಂಥವರಲ್ಲಿ ಅಂಗೈ, ಅಂಗಾಲು, ತುಟಿಯ ಒಳಭಾಗ, ಕೆಳರೆಪ್ಪೆಯ ಒಳಭಾಗ ನೋಡಿ. ಬಿಸಿಯನ್ನು ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ ಅಳೆಯಿರಿ. ಎಡ ಮೀನಖಂಡ ಬಲಕ್ಕಿಂತ ಬಿಸಿಯಾಗಿ ಊದಿದ್ದರೆ ಒಳ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಉಜ್ಜಲೇಬೇಡಿ.

ಗಾಜಿನ ಲೋಟ ಬೇಕಾಗುವುದು ಚುಕ್ಕೆಗಳಿಗೆ. ಜ್ವರದ ಜೊತೆ ಚುಕ್ಕೆಗಳೆದ್ದರೆ ಲೋಟದ ಬದಿಯನ್ನು ಅವುಗಳ ಮೇಲೆ ಒತ್ತಿ ಗಾಜಿನ ಮೂಲಕ ನೋಡಿ. ಮಾಯವಾದರೆ ರಕ್ತ ನಾಳದೊಳಗೇ ಇದೆ. ಮಾಯವಾಗದೆ ಉಳಿದರೆ ನಾಳದಿಂದ ಹೊರಗೆ ಸೋರಿದೆ ಎಂದರ್ಥ, ಮಿದುಳುಪೊರೆಯ ಉರಿಯೂತ ತರುವ ಸೋಂಕು ರಕ್ತಕ್ಕೆ ಇಳಿದಿರಬಹುದು. ಮರುಕ್ಷಣವೇ ಆಸ್ಪತ್ರೆ. ಕುತ್ತಿಗೆ, ಎದೆ, ತೋಳುಗಳ ಮೇಲೆ ಜೇಡದ ಕಾಲುಗಳಂತೆ ಹರಡಿದ ಸಣ್ಣ ಕೆಂಪು ನಾಳಗಳಿದ್ದರೆ ಅವುಗಳ ನಡುಬಿಂದುವನ್ನು ಪೆನ್ಸಿಲ್‌ನ ಮೊಂಡು ತುದಿಯಿಂದ ಒತ್ತಿ. ಕಾಲುಗಳು ಮಾಯವಾಗಿ, ಬಿಟ್ಟಾಗ ನಡುವಿನಿಂದ ಹೊರಕ್ಕೆ ತುಂಬುತ್ತವೆ. ಒಂದೆರಡು ಆರೋಗ್ಯವಂತರಲ್ಲೂ ಬಸುರಿಯರಲ್ಲೂ ಇರುತ್ತವೆ. ಹಲವು ಇದ್ದು, ಅಂಗೈಯ ದಿಂಬುಗಳೂ ಕೆಂಪಾಗಿದ್ದರೆ ಪಿತ್ತಜನಕಾಂಗದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಚಳಿ ತಾಗಿದಾಗ ಬೆರಳುಗಳು ಬಿಳಿ, ನೀಲಿ, ಆಮೇಲೆ ಕೆಂಪಾಗುವುದನ್ನು 1862ರಲ್ಲೇ ಮಾರಿಸ್ ರೇನೋ ವರ್ಣಿಸಿದ್ದರು. ಹೆಚ್ಚಿನವರಲ್ಲಿ ಅದು ಬರಿಯ ನಾಳಗಳ ಅತಿ ಚುರುಕು, ಆದರೆ ನಡುವಯಸ್ಸಿನ ನಂತರ ಹೊಸದಾಗಿ ಶುರುವಾಗಿದ್ದು ಬೆರಳಿನ ಚರ್ಮವೂ ಬಿಗಿಯುತ್ತಿದ್ದರೆ ಒಳಗೆ ಬೇರೆ ಕಾಯಿಲೆ ಇರಬಹುದು.

ಬೆನ್ನನ್ನು ಬಟ್ಟೆ ಸರಿಸಿ ನೋಡುವುದನ್ನು ಮಾತ್ರ ಯಾರೂ ತಪ್ಪಿಸಬಾರದು. ಒಮ್ಮೆ ಹೆಂಗಸೊಬ್ಬರ ನಡುಬೆನ್ನಿನ ಮೇಲೆ ಕಂದು ಬಣ್ಣದ ಬಲೆಯಂಥ ಗುರುತು ಕಂಡೆ. ನೋವೇನೂ ಇಲ್ಲ ಎಂದಿದ್ದರು. ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಾಗ ಕಣ್ಣಲ್ಲಿ ನೀರು ಬಂತು. ತಿಂಗಳುಗಟ್ಟಲೆ ಪ್ರತಿ ರಾತ್ರಿ ಇಟ್ಟುಕೊಂಡು, ಮನೆಯವರಿಗೆ ತೊಂದರೆಯಾಗಬಾರದೆಂದು ನೋವನ್ನು ನುಂಗಿಕೊಂಡಿದ್ದರು. ಬಿಸಿಯ ಕಾವಿಗೆ ಚರ್ಮದ ಮೇಲೆ ಅಂಥ ಬಲೆ ಮೂಡುತ್ತದೆ. ಅವರ ನೋವಿನ ಮೂಲ ಮೇದೋಜೀರಕ ಗ್ರಂಥಿಯಲ್ಲಿತ್ತು. ಬಾಯಿ ಬಿಡದ ಮಾತನ್ನು ಚರ್ಮ ಹೇಳಿತ್ತು.

ಬೆವರನ್ನೂ ನೋಡಿ. ಮುಖದ ಒಂದು ಅರ್ಧ ಬೆವರದೆ, ಅದೇ ಪಕ್ಕದ ರೆಪ್ಪೆ ಜೋತು, ಪಾಪೆ ಚಿಕ್ಕದಾಗಿ, ಜೊತೆಗೆ ಕಿರುಬೆರಳಿನ ಕಡೆಯ ತೋಳು ನೋಯುತ್ತಿದ್ದರೆ ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಇದೆಯೇ ಎಂದು ನೋಡಬೇಕಾಗುತ್ತದೆ. ಅಲ್ಲೇ ಹಾದುಹೋಗುವ ಎರಡು ಬಗೆಯ ನರಗಳನ್ನೂ ಅದು ಹಿಡಿದಿರುತ್ತದೆ.

ಬೆನ್ನುಹುರಿಗೆ ಪೆಟ್ಟಾದವರನ್ನು ನೋಡಿಕೊಳ್ಳುವವರು ಈ ಭಾಗವನ್ನು ಎರಡು ಸಲ ಓದಬೇಕು. ಎದೆಯ 6ನೆಯ ನರದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ ಕೆಳಗಿನ ಅಂಗಗಳ ನೋವು ಅವರಿಗೆ ತಿಳಿಯುವುದಿಲ್ಲ, ಆದರೆ ಬೆನ್ನುಹುರಿಯ ಕೆಳಭಾಗಕ್ಕೆ ತಿಳಿಯುತ್ತದೆ. ಮೂತ್ರದ ಕೊಳವೆ ಮಡಚಿ ಮೂತ್ರಕೋಶ ತುಂಬಿದರೆ ಸಾಕು, ಪೆಟ್ಟಿನ ಕೆಳಗಿನ ರಕ್ತನಾಳಗಳೆಲ್ಲ ಬಿಗಿದು ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಮೇಲ್ಭಾಗ ಕೆಂಪೇರಿ ಬೆವರುತ್ತದೆ, ಕೆಳಭಾಗ ಬಿಳಿಚಿ ತಣ್ಣಗಾಗುತ್ತದೆ, ತಲೆ ಸಿಡಿಯುತ್ತದೆ. ನಾನು ನೋಡಿಕೊಂಡ ಹುಡುಗನೊಬ್ಬನ ಎದೆಯ ಮೇಲೆ ಈ ಗಡಿ ಗೆರೆ ಎಳೆದಂತೆ ಕಂಡಿತ್ತು. ಆಗ ಮಾಡಬೇಕಾದದ್ದು ಇಷ್ಟು: ಕೂಡಲೇ ನೆಟ್ಟಗೆ ಕೂರಿಸಿ, ಬಿಗಿಬಟ್ಟೆ ಬೆಲ್ಟುಗಳನ್ನು ಸಡಿಲಿಸಿ, ಮೂತ್ರದ ಕೊಳವೆಯ ಮಡಿಕೆ ಬಿಡಿಸಿ, ಮಲ ಕಟ್ಟಿದೆಯೇ, ಕಾಲ್ಬೆರಳಿನ ಉಗುರು ಒತ್ತಿದೆಯೇ ಎಂದು ಹುಡುಕಿ, ಜೊತೆಯಲ್ಲೇ ತುರ್ತು ಸಹಾಯಕ್ಕೆ ಕರೆ ಮಾಡಿ. ಮಲಗಿಸಬೇಡಿ.

ಈ ನಕ್ಷೆ ಕೈಕೊಡುವ ಸಂದರ್ಭಗಳೂ ಇವೆ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನರಗಳೇ ಮಂಕಾಗಿ, ಹೃದಯಾಘಾತವೂ ನೋವಿಲ್ಲದೆ ಬರಬಹುದು. ಬರಿಯ ಉಸಿರುಕಟ್ಟು, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು ಅಷ್ಟೇ. ಅವರ ಮರಗಟ್ಟುವಿಕೆ ಯಾವುದೇ ಒಂದು ನರದ ಪಟ್ಟಿಯನ್ನು ಅನುಸರಿಸದೆ ಎರಡೂ ಪಾದಗಳಿಂದ ಕಾಲುಚೀಲದಂತೆ ಮೇಲೇರುತ್ತದೆ. ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯದ ನೋವು ಮೇಲ್ಹೊಟ್ಟೆಯಲ್ಲೋ ಬೆನ್ನಿನಲ್ಲೋ ಮಾತ್ರ ಕಾಣಿಸಬಹುದು. ನಕ್ಷೆ ಖಾಲಿ ಇದೆ ಎಂದು ಸಮಾಧಾನ ಪಡಬೇಡಿ. ಎದೆಯ ಬಿಗಿತ, ಬೆವರು, ಉಸಿರುಕಟ್ಟು ಇದ್ದಾಗ ಪೆನ್ಸಿಲ್ ಹುಡುಕಲೂ ಹೋಗಬಾರದು. ಹಾಗೆಯೇ ಸೊಂಟನೋವಿನವರಿಗೆ ತೊಡೆಸಂದು, ಗುದದ ಸುತ್ತ, ಜೀನು ತಾಗುವ ಜಾಗವೆಲ್ಲ ಮರಗಟ್ಟಿ ಮೂತ್ರ ಕಟ್ಟಿದರೆ ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಡಕ್ಕೆ ಸಿಕ್ಕಿರಬಹುದು, ಅದೇ ದಿನ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ನೋಯುವ ಚರ್ಮವನ್ನು ಉಜ್ಜಿದರೆ, ಅದರ ಮೇಲೆ ಬಟ್ಟಲು ಕವುಚಿ ಹೀರಿ ಎಳೆದರೆ, ಬೆನ್ನುಮೂಳೆಯ ಯಾವುದೋ ಮಣಿಯನ್ನು ಒತ್ತಿದರೆ ಅದಕ್ಕೆ ಸೇರಿದ ಅಂಗ ಗುಣವಾಗುತ್ತದೆ ಎನ್ನುವವರಿದ್ದಾರೆ. ಬೆಚ್ಚಗಿನ ಕಾವು ಮುಟ್ಟಿನ ನೋವನ್ನು ನಿಜವಾಗಿ ಇಳಿಸುತ್ತದೆ, ಚರ್ಮದ ಸ್ಪರ್ಶ ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ತುಸು ತಡೆಯುತ್ತದೆ. ಆದರೆ ಅದರಿಂದ ಪಿತ್ತಕೋಶದ ಕಲ್ಲು ಕರಗುವುದಿಲ್ಲ, ಮುಚ್ಚಿದ ಹೃದಯದ ನಾಳ ತೆರೆಯುವುದಿಲ್ಲ. ಮೂಲ ತಿಳಿಯದ ನೋವನ್ನು ಅಡಗಿಸುವುದಕ್ಕೆ ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಹಾಳೆ ತುಂಬಿದ ಮೇಲೆ ಕೆಳಗೆ ನಾಲ್ಕು ಸಾಲು ಬರೆಯಿರಿ: ನೋವು ಶುರುವಾದ ಗಂಟೆ, ಏನು ಮಾಡಿದರೆ ಹೆಚ್ಚುತ್ತದೆ (ನಡೆದರೆ, ಉಸಿರೆಳೆದರೆ, ಉಂಡರೆ, ಬಾಗಿದರೆ), ಜೊತೆಗೆ ಬಂದದ್ದೇನು (ವಾಂತಿ, ಬೆವರು, ಜ್ವರ, ಮೂತ್ರದ ಬಣ್ಣ), ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಮೆಟ್ಟಿಲು ಹತ್ತುವಾಗ ಬಂದು, ಹತ್ತುವುದನ್ನು ನಿಲ್ಲಿಸಿದರೆ ಐದು ನಿಮಿಷದಲ್ಲಿ ಹೋಗುವ ತೋಳುನೋವಿಗೆ ಅಡಿಗೆರೆ ಹಾಕಿ, ಅದು ಹೃದಯದ್ದಾಗಿರಬಹುದು. ಚರ್ಮದ ಗುರುತಿದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಅದು ವೈದ್ಯರ ಬಳಿ ಹೋಗುವಷ್ಟರಲ್ಲಿ ಮಾಯವಾಗಿರಬಹುದು. ಮರುದಿನ ನೋವಿನ ಜಾಗ ಬದಲಾದರೆ ಹಳೆಯದನ್ನು ಅಳಿಸಿ ತಿದ್ದಬೇಡಿ, ಹೊಸ ಹಾಳೆಯಲ್ಲಿ ಹೊಸದಾಗಿ ಬರೆದು ತಾರೀಖು ಹಾಕಿ, ಎರಡನ್ನೂ ಒಟ್ಟಿಗೆ ಕೊಂಡೊಯ್ಯಿರಿ.